ಎಡಗೈ ಗಂಟು

"ಸಾರ್, ಈ ಹೊಲಿಗೆ ನಮ್ಮಪ್ಪಂದು."

ಆಶಾರಾಣಿ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಅವಳ ಮುಂದೆ ಕಾರಿನ ಸೀಟೊಂದು ತಲೆಕೆಳಗಾಗಿ ಮಲಗಿತ್ತು. ಒಣಗಿ ಬಿರುಕುಬಿಟ್ಟ ಲೆದರ್ ಅರ್ಧ ಬಿಚ್ಚಿಕೊಂಡಿದ್ದು, ಒಳಗೆ ತುಂಬಿದ್ದ ಕಪ್ಪು ಕುದುರೆ ಕೂದಲು ಹೊರಗೆ ಬಂದಿತ್ತು. ತಗಡಿನ ಶೆಡ್ಡಿನೊಳಗೆಲ್ಲ ಹಳೆಯ ಲಾಯದ ವಾಸನೆ.

ಕದರಯ್ಯ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಅವನ ಕಣ್ಣಿಗೆ ಕಂಡದ್ದು ಬರೀ ದಾರ.

"ಹೆಂಗೆ ಹೇಳ್ತೀಯಮ್ಮ? ಹೊಲಿಗೆ ಅಂದ್ರೆ ಎಲ್ಲಾರ್ದೂ ಒಂದೇ ಥರ ಅಲ್ವಾ?"

"ಗಂಟು ನೋಡಿ ಸಾರ್. ಎಲ್ಲರೂ ಬಲಗಡೆಯಿಂದ ಸುತ್ತಿ ಗಂಟು ಹಾಕ್ತಾರೆ. ಇದು ಎಡಗಡೆಯಿಂದ ಸುತ್ತಿರೋದು."

"ಎಡಚರು ಯಾರಾದ್ರೂ ಹೊಲ್ದಿರ್ಬೋದು."

"ಅಪ್ಪ ಎಡಚ ಅಲ್ಲ. ಎಪ್ಪತ್ತಾರರಲ್ಲಿ ಆಯುಧಪೂಜೆ ಹಿಂದಿನ ದಿನ ಮಿಷನ್‌ಗೆ ಸಿಕ್ಕಿ ಬಲಗೈ ಹೆಬ್ಬೆರಳು ಅರ್ಧ ಹೋಯ್ತು. ಆಮೇಲಿಂದ ಹೊಲಿಗೆ ಬಲಗೈಲಿ, ಗಂಟು ಎಡಗೈಲಿ. ದಾರಕ್ಕೆ ಮೇಣ ತಿಕ್ಕಿ ಕೊಡ್ತಿದ್ದೋಳು ನಾನೇ. ಈ ಗಂಟು ನನಗೆ ಕಣ್ಮುಚ್ಚಿದ್ರೂ ಗೊತ್ತಾಗುತ್ತೆ."

ಅವಳು ನಿಜವಾಗಿಯೂ ಕಣ್ಣು ಮುಚ್ಚಿ, ಆ ಸಾಲಿನ ಮೇಲೆ ಬೆರಳಾಡಿಸಿದಳು. ಕದರಯ್ಯನಿಗೆ ಅದನ್ನು ನೋಡಲಾಗಲಿಲ್ಲ. ಮುಖ ತಿರುಗಿಸಿದ.

ಶೆಡ್ಡಿನ ನಡುವೆ ಆ ಕಾರು ಬೂದು ಪ್ರೈಮರ್ ಬಳಿಸಿಕೊಂಡು ನಿಂತಿತ್ತು. ಆಲ್ಡರ್ಬಿ ಎಂಬ ಹೆಸರಿನ, ಎರಡೇ ಸೀಟಿನ, ಉದ್ದ ಮೂತಿಯ ರೇಸ್ ಕಾರು. ಇಂಗ್ಲೆಂಡಿನಲ್ಲಿ ಒಟ್ಟು ನಲವತ್ತೆಂಟೇ ತಯಾರಾದವಂತೆ. ಇದು ಮೂವತ್ತೊಂದನೆಯದು ಎಂದು ಬಾಗಿಲ ಕೆಳಗಿನ ಹಿತ್ತಾಳೆ ಬಿಲ್ಲೆ ಹೇಳುತ್ತಿತ್ತು. ಕುಣಿಗಲ್‌ನಲ್ಲಿ ರೇಸ್ ಕುದುರೆ ಸಾಕಿ ಹೆಸರು ಮಾಡಿದ ಮನೆತನದ ದಯಾನಂದ ಅದನ್ನು ಹೊಸದರಂತೆ ಮಾಡಿಕೊಡಲು ಹಿರೇಹಳ್ಳಿಯ ಲಕ್ಷ್ಮೀಕಾಂತನ ಗ್ಯಾರೇಜಿಗೆ ಒಪ್ಪಿಸಿದ್ದ. ಬಣ್ಣ ಕೆರೆದಾಗ ಕೆಂಪಿನಡಿ ಹಸಿರು ಕಂಡಿತ್ತು. ಎಡ ಮಡ್‌ಗಾರ್ಡಿನಲ್ಲಿ ಹಳೆಯ ಪೆಟ್ಟನ್ನು ಸೀಸ ತುಂಬಿ ಮುಚ್ಚಿದ್ದೂ ಕಂಡಿತ್ತು. ಇದರ ಹಿಂದಿನ ಕಥೆ ಪತ್ತೆಮಾಡಿಕೊಡಿ ಎಂದು ಪೊಲೀಸ್ ಕೆಲಸದಿಂದ ನಿವೃತ್ತನಾದ ಕದರಯ್ಯನನ್ನು ಲಕ್ಷ್ಮೀಕಾಂತನೇ ಹೋದ ವಾರ ಕರೆಸಿದ್ದ.

ದಯಾನಂದ ಸಹಿ ಮಾಡಿಕೊಟ್ಟ ಕಾಗದ ಕದರಯ್ಯನ ಜೇಬಿನಲ್ಲೇ ಇತ್ತು. ಮುಂದಿನ ತಿಂಗಳು ಇಂಗ್ಲೆಂಡಿನಿಂದ ಕಾರು ಕೊಳ್ಳಲು ಬರುವವರಿಗೆ ತೋರಿಸಲು ಬರೆದದ್ದು. "ಈ ಕಾರು 1974ರಿಂದ ನಮ್ಮ ಶೆಡ್ ಬಿಟ್ಟು ಹೊರಗೆ ಹೋಗಿಲ್ಲ. ಯಾರೂ ಇದಕ್ಕೆ ಕೈ ಹಚ್ಚಿಲ್ಲ. ಯಾವ ಅಪಘಾತವೂ ಆಗಿಲ್ಲ."

ಎಪ್ಪತ್ತಾರರಲ್ಲಿ ಬೆರಳು ಕಳೆದುಕೊಂಡ ಮನುಷ್ಯ, ಎಪ್ಪತ್ನಾಲ್ಕರಿಂದ ಯಾರೂ ಮುಟ್ಟದ ಸೀಟನ್ನು ಹೊಲಿದದ್ದು ಹೇಗೆ?

"ಆಯ್!" ಎಂದಳು ಆಶಾರಾಣಿ.

ಕುದುರೆ ಕೂದಲಿನೊಳಗೆ ತೂರಿಸಿದ್ದ ಕೈಯನ್ನು ಸರ್ರನೆ ಹೊರಗೆಳೆದುಕೊಂಡಿದ್ದಳು. ತೋರುಬೆರಳ ತುದಿಯಲ್ಲಿ ರಕ್ತದ ಒಂದು ಹನಿ. ಅವಳು ಕೂದಲನ್ನು ನಿಧಾನವಾಗಿ ಸರಿಸಿದಳು. ಒಳಗೆ ತುಕ್ಕು ಹಿಡಿದ ಒಂದು ಡೊಂಕು ಸೂಜಿ ಚುಚ್ಚಿಕೊಂಡು ನಿಂತಿತ್ತು. ಸೂಜಿಯ ಕಣ್ಣಿನಲ್ಲಿ ದಾರ ಹಾಗೇ ಇತ್ತು. ದಾರದ ಇನ್ನೊಂದು ತುದಿ ಸಾಲಿನ ಕೊನೆಯ ಹೊಲಿಗೆಗೆ ಸೇರಿತ್ತು. ಅಲ್ಲಿಂದ ಮುಂದೆ ಗೇಣುದ್ದದ ಅಂಚನ್ನು ಯಾರೋ ಬಡಗಿಯ ಮೊಳೆ ಬಡಿದು ಮುಚ್ಚಿದ್ದರು.

ಅವಳು ಸೂಜಿಯನ್ನು ಮುಟ್ಟದೆ ಆ ದಾರವನ್ನಷ್ಟೇ ಬೆರಳಿಂದ ಎತ್ತಿ ನೋಡಿದಳು.

"ಸೂಜಿ ಕೈಲಿದ್ದಾಗ ಅಮ್ಮ ಊಟಕ್ಕೆ ಕರೆದ್ರೂ ಏಳ್ತಿರ್ಲಿಲ್ಲ ಅಪ್ಪ. ಸಾಲು ಮುಗಿಸಿ, ಗಂಟು ಹಾಕಿ, ಹಲ್ಲಲ್ಲಿ ದಾರ ಕಡ್ದು, ಆಮೇಲೇ ಏಳೋರು." ಅವಳ ದನಿ ಕೆಳಗಿಳಿಯಿತು. "ಅರ್ಧ ಸಾಲಲ್ಲಿ ಎಬ್ಬಿಸಿದ್ದಾರೆ ಸಾರ್ ಅವರನ್ನ."

ಬಾನೆಟ್ ಬಳಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ ಲಕ್ಷ್ಮೀಕಾಂತ್ ಬಟ್ಟೆಯನ್ನು ಅಲ್ಲೇ ಬಿಟ್ಟು ಹೊರಗೆ ನಲ್ಲಿಯತ್ತ ಹೋದ. ನೀರು ಸುರಿಯುವ ಸದ್ದು ಮುಖ ತೊಳೆಯುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳಿಸಿತು.

ಅವನು ಒಳಗೆ ಬಂದ ಮೇಲೆ ಕದರಯ್ಯ ಕೇಳಿದ. "ಹಳೇ ಸೀಟು ಏನ್ಮಾಡು ಅಂದಿದ್ರು ದಯಾನಂದ?"

"ಸುಟ್ಟಾಕು ಅಂದಿದ್ರು ಸಾರ್. ಹೊಸದು ಮಾಡ್ಸು ಅಂತ."

"ಮತ್ತೆ ನೀನ್ಯಾಕೆ ಸುಡ್ಲಿಲ್ಲ?"

"ಇಂಥ ಕಾರಿಗೆ ಅದರದೇ ಸೀಟು ಇದ್ರೇನೇ ಬೆಲೆ." ಲಕ್ಷ್ಮೀಕಾಂತ್ ಕಾರಿನ ಕಡೆಗೇ ನೋಡುತ್ತ ಹೇಳಿದ. "ಆಶಾ ಕೈಲೇ ಬಿಚ್ಚಿಸೋಣ ಅನ್ನಿಸ್ತು."

ಆಶಾರಾಣಿಯನ್ನು ಅವನು ಚಿಕ್ಕಂದಿನಿಂದ ಬಲ್ಲ. ಅವಳಿಗೆ ಅವನು ಕಾಂತಣ್ಣ. ಅಪ್ಪ ಕಾಣೆಯಾದ ಮೇಲೆ ಶಿರಾ ಗೇಟಿನ ಮುಚ್ಚಿದ ಅಂಗಡಿಯ ಬಾಗಿಲು ತೆಗೆಸಿ, ಹೊಲಿಗೆ ಮಿಷನ್ ರಿಪೇರಿ ಮಾಡಿಸಿ, ಮೊದಲ ಗಿರಾಕಿಯನ್ನು ಕರೆತಂದವನು ಅವನೇ. ಇವತ್ತು ತುಮಕೂರಿನಲ್ಲಿ ಕಾರಿನ ಸೀಟು ಕಟ್ಟುವ ಹೆಂಗಸು ಅಂದರೆ ಅವಳೊಬ್ಬಳೇ.

ಆ ಅಂಗಡಿಯ ಬೋರ್ಡು ಕದರಯ್ಯನಿಗೆ ಚೆನ್ನಾಗಿ ಗೊತ್ತು. 'ಭೀಮರಾಜ್ ಕುಷನ್ ವರ್ಕ್ಸ್.' ಇಪ್ಪತ್ತೊಂದು ವರ್ಷದಿಂದ ಅದರ ಮುಂದೆ ಹಾದುಹೋಗುವಾಗಲೆಲ್ಲ ಅವನು ರಸ್ತೆಯ ಆಚೆ ಬದಿ ನೋಡುತ್ತಿದ್ದ.

ಹೊರಡುವಾಗ ಅವಳು ಗೇಟಿನವರೆಗೂ ಬಂದಳು. ಕದರಯ್ಯ ನಿಂತ.

"ನಿಂಗೊಂದು ಮಾತು ಹೇಳ್ಬೇಕು ಕಣಮ್ಮ. ನಿಮ್ಮಪ್ಪ ಕಾಣೆಯಾದಾಗ ಸ್ಟೇಷನ್‌ನಲ್ಲಿ ರೈಟರ್ ಆಗಿದ್ದೋನು ನಾನು. ಆ ಫೈಲು ಬರ್ದೋನೂ ನಾನೇ."

"ಗೊತ್ತು ಸಾರ್."

"ಗೊತ್ತಾ?"

"ಅಮ್ಮನ ಜೊತೆ ಬಂದಿದ್ನಲ್ಲ, ಹದಿಮೂರು ವರ್ಷ ನಂಗೆ. ಹೊರಗಡೆ ಕೆಲಸ ಅಂತಷ್ಟೇ ಹೇಳಿ ಹೋಗಿದ್ರು ಅಪ್ಪ, ಎಲ್ಲಿ ಅಂತ ಹೇಳಿರ್ಲಿಲ್ಲ. ಅಮ್ಮ ಅಳ್ತಿದ್ರು. ನಾನು ನಿಮ್ಮ ಕೈ ನೋಡ್ತಾ ಕೂತಿದ್ದೆ. ಬೆರಳಿಗೆಲ್ಲ ಇಂಕು ಆಗಿತ್ತು." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. "ಅಮ್ಮ ಈಗ್ಲೂ ಕುಂಕುಮ ಇಡ್ತಾರೆ ಸಾರ್. ಆದ್ರೆ ಅಪ್ಪನ ಹೆಸರು ಹೇಳಲ್ಲ. ಬೇರೆ ಹೆಂಗಸಿನ ಜೊತೆ ಬೊಂಬಾಯಿಗೆ ಓಡಿಹೋದ ಅಂತ ನೀವು ಬರ್ದಿದ್ರಲ್ಲ, ಅವತ್ತಿಂದ."

ತುಮಕೂರಿನ ಕಡೆಗೆ ಹೋಗುವ ಬಸ್ಸು ಬಂತು. ಹತ್ತಿಕೊಂಡ.

ಗುಬ್ಬಿಯಲ್ಲಿ ಇಳಿದು ಹಾಗಲವಾಡಿ ಬಸ್ಸು ಹಿಡಿಯುವಷ್ಟರಲ್ಲಿ ಮಧ್ಯಾಹ್ನ ಒಂದಾಗಿತ್ತು. ಕಿಟಕಿಯಿಂದ ಬಿಸಿಗಾಳಿ ನುಗ್ಗುತ್ತಿತ್ತು. ಆದರೂ ಕದರಯ್ಯನ ಮೂಗಿನಿಂದ ಆ ಕುದುರೆ ಕೂದಲಿನ ವಾಸನೆ ಹೋಗಲೊಲ್ಲದು. ಅಂಗಿಯ ತೋಳು ಮೂಸಿ ನೋಡಿಕೊಂಡ. ಅಲ್ಲೂ ಅದೇ.

ಆ ಫೈಲಿನಲ್ಲಿದ್ದ ಸಾಕ್ಷಿ ಹೇಳಿಕೆ ಈಗ ಒಂದೊಂದೇ ಅಕ್ಷರವಾಗಿ ನೆನಪಾಗುತ್ತಿತ್ತು. "ಭೀಮರಾಜನು ಅಪರಿಚಿತ ಹೆಂಗಸೊಬ್ಬಳೊಂದಿಗೆ ಗುಬ್ಬಿ ರೈಲ್ವೆ ಸ್ಟೇಷನ್ನಿನಲ್ಲಿ ಬೊಂಬಾಯಿ ಕಡೆಗೆ ಹೋಗಲು ರೈಲು ಹತ್ತಿದ್ದನ್ನು ಕಣ್ಣಾರೆ ಕಂಡಿರುತ್ತೇನೆ." ಕೆಳಗೆ ಹೆಬ್ಬೆಟ್ಟು. ಹೆಸರು ಚೌಡಪ್ಪ, ಊರು ಹಾಗಲವಾಡಿ, ಕಸುಬು ಡ್ರೈವರ್. ಯಾರ ಡ್ರೈವರ್ ಎಂದು ಅಂದು ಯಾರೂ ಕೇಳಲಿಲ್ಲ. ಅವನೂ ಕೇಳಲಿಲ್ಲ.

ಮೊನ್ನೆ ಕುಣಿಗಲ್‌ಗೆ ಹೋಗಿದ್ದಾಗ ದಯಾನಂದನ ಹಜಾರದ ಗೋಡೆಯಲ್ಲಿ ಒಂದು ಫೋಟೊ ಕಂಡಿತ್ತು. ಕಾರು, ಅದರ ಪಕ್ಕದಲ್ಲಿ ದಯಾನಂದನ ತಂದೆ ವೆಂಕಟರಂಗಯ್ಯ, ಸ್ವಲ್ಪ ಹಿಂದೆ ಖಾಕಿ ಅಂಗಿ ತೊಟ್ಟ ಎತ್ತರದ ಆಳು. "ಅವನು ನಮ್ಮ ಹಳೇ ಡ್ರೈವರ್ರು, ಚೌಡಪ್ಪ ಅಂತ. ಹಾಗಲವಾಡಿಯೋನು. ಸತ್ನೋ ಇದಾನೋ," ಎಂದಿದ್ದ ದಯಾನಂದ, ಕಾಫಿ ಲೋಟ ಮುಂದೆ ತಳ್ಳುತ್ತ. ಆಗ ಕದರಯ್ಯನಿಗೆ ಆ ಹೆಸರು ಎಲ್ಲೋ ಕೇಳಿದಂತೆ ಅನ್ನಿಸಿತ್ತು, ಅಷ್ಟೇ. ಇವತ್ತು ಆ ಸೂಜಿ ಕಂಡ ಮೇಲೆ ಎಲ್ಲಿ ಕೇಳಿದ್ದು ಎಂದು ನೆನಪಾಯಿತು.

ಚೌಡಪ್ಪ ಬದುಕಿದ್ದ.

ಮನೆಯ ಮುಂದಿನ ಹೊಂಗೆ ನೆರಳಿನಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದ. ಎತ್ತರ ಮಾತ್ರ ಫೋಟೊದಲ್ಲಿದ್ದಷ್ಟೇ. ಮೈಯಲ್ಲಿ ಮಾಂಸ ಉಳಿದಿರಲಿಲ್ಲ. ಪಕ್ಕದಲ್ಲಿ ಅವನ ಹೆಂಡತಿ ರೇವಮ್ಮ ನಾರು ತೆಗೆಯುತ್ತಿದ್ದಳು.

"ಯಾರು?"

"ಕದರಯ್ಯ ಅಂತ. ಹಿಂದೆ ತುಮಕೂರಲ್ಲಿ ಪೊಲೀಸ್ ರೈಟರ್ ಆಗಿದ್ದೆ."

ಕೊಡತಿ ಮೇಲೆತ್ತಿದ ಕೈ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು.

"ರೇವಿ, ನೀರು ತಗಂಬಾ."

"ನೀರು ಆಮೇಲೆ. ಭೀಮರಾಜನ ವಿಚಾರ ಕೇಳೋಕೆ ಬಂದೆ."

"ಅದೇ ಇರ್ಬೇಕು ಅಂದ್ಕಂಡೆ. ಬೇರೆ ಯಾವ ವಿಚಾರಕ್ಕೆ ಬತ್ತೀರಿ ನನ್ನ ತಾವ."

"ಗುಬ್ಬಿ ಸ್ಟೇಷನ್‌ನಲ್ಲಿ ಅವನನ್ನ ನೋಡಿದ್ಯಾ ಚೌಡಪ್ಪ?"

"ಕಾಗದದಾಗೆ ಹಂಗೇ ಬರ್ದೈತಲ್ಲ ಸ್ವಾಮಿ."

"ಬರ್ದೋನು ನಾನು. ನಿನ್ನ ಬಾಯಿಂದ ಕೇಳ್ಬೇಕು ಅಂತ ಬಂದಿದೀನಿ."

ಮುದುಕ ತಲೆಯೆತ್ತಿದ. ಕಣ್ಣಿನಲ್ಲಿ ಪೊರೆ ಬೆಳೆದಿತ್ತು. ಆದರೂ ನೋಟ ನೇರವಾಗಿ ಬಂದು ತಾಗಿತು.

"ನೀವು ಬರ್ದ್ರಿ. ನಾನು ಹೆಬ್ಬೆಟ್ಟು ಒತ್ತಿದೆ. ಏನು ಬರ್ದಿದೀರಿ ಅಂತ ನಂಗೆ ಓದಿ ಹೇಳಿದ್ರಾ?"

ಕದರಯ್ಯನ ಕಿವಿಯಲ್ಲಿ ನಿಬ್ಬಿನ ಕರಕರ ಸದ್ದು ಕೇಳಿಸಿತು. ಆ ದಿನ ಒಳಕೋಣೆಯಲ್ಲಿ ಸಾಹೇಬರು ಯಾರೋ ದೊಡ್ಡ ಮನುಷ್ಯರ ಜೊತೆ ಕೂತಿದ್ದರು; ಅದು ವೆಂಕಟರಂಗಯ್ಯನೇ ಎಂದು ಈಗ ಹೊಳೆಯಿತು. ಅಲ್ಲಿಂದಲೇ ಒಂದೊಂದು ವಾಕ್ಯ ಕೂಗಿ ಹೇಳಿದರು, ಇವನು ಬರೆದ. ಚೌಡಪ್ಪ ಹೊರಗೆ ಅಂಗಳದಲ್ಲಿ, ಮಾತು ಕೇಳದಷ್ಟು ದೂರ, ಚಪ್ಪಲಿ ಬಿಟ್ಟು ನಿಂತಿದ್ದ. ಬರೆದಾದ ಮೇಲೆ ಓದಿ ಹೇಳಬೇಕೆಂಬುದು ಹೊಸ ಪೇದೆಗೂ ಗೊತ್ತಿರುವ ನಿಯಮ. ಊಟದ ಹೊತ್ತಾಗಿತ್ತು. ಅವನನ್ನು ಕರೆದು ಇಂಕ್ ಪ್ಯಾಡ್ ಮುಂದೆ ತಳ್ಳಿದ್ದ.

"ಇಲ್ಲ," ಎಂದ ಕದರಯ್ಯ. "ಓದಿ ಹೇಳ್ಲಿಲ್ಲ. ತಪ್ಪು ನಂದು." ಸ್ವಲ್ಪ ತಡೆದು ಕೇಳಿದ. "ಆ ಹೆಂಗಸು ಯಾರು?"

"ಯಾವ ಹೆಂಗಸು?"

"ಭೀಮರಾಜನ ಜೊತೆ ರೈಲು ಹತ್ತಿದೋಳು."

ಚೌಡಪ್ಪ ಹೆಂಡತಿಯ ಮುಖ ನೋಡಿದ. ರೇವಮ್ಮನ ಕೈಯಿಂದ ಹುಣಸೆಹಣ್ಣು ಜಾರಿತು.

"ಅಯ್ಯೋ ಶಿವನೇ! ಹೆಂಗ್ಸಿನ ವಿಚಾರನೂ ಸೇರ್ಸಿದ್ರಾ? ಅವನ ಹೆಂಡ್ರು ಇಷ್ಟು ವರ್ಸ ಅದನ್ನೇ ನಂಬ್ಕಂಡವ್ಳಾ?" ಅವಳು ಗಂಡನ ಕಡೆ ತಿರುಗಿದಳು. "ಹೇಳ್ಬುಡು. ಯಾರ ಉಪ್ಪು ತಿಂದೆ ಅಂತ ಬಾಯಿ ಮುಚ್ಕಂಡಿದ್ಯೋ ಆ ಯಜಮಾನ್ರೇ ಹೋಗಿ ಹತ್ತು ವರ್ಸ ಆಯ್ತು. ಇನ್ನ್ಯಾರ್ಗೆ ಹೆದರ್ಕಂತೀಯ? ನಿದ್ದೇನಾಗೆ ಕಾರಿನ ಹಾರನ್ ಕೇಳ್ತದೆ ಅಂತ ಎದ್ದು ಕೂತ್ಕಂತೀಯಲ್ಲ, ಅದನ್ನಾದ್ರೂ ಹೇಳು."

ಚೌಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಆವಯ್ಯ ಮೂರು ದಿನ ಇದ್ದ ಸ್ವಾಮಿ ಕುಣಿಗಲ್‌ನಾಗೆ. ಸೀಟು ಹೊಲಿಯಾಕೆ. ಕುದುರೆ ಕೂದ್ಲು ಬೇಕು ಅಂತ ಅವನೇ ಲಾಯಕ್ಕೋಗಿ ಆರಿಸ್ಕಂಬಂದ. ನಮ್ಮ ಯಜಮಾನ್ರು ರೇಸಿಗೆ ಅಂತ ಮದ್ರಾಸಿಗೆ ಹೋಗಿದ್ರು. ಅವ್ರು ಬರಾದ್ರೊಳಗೆ ಕಾರು ಎಬ್ಬಿಸ್ಬೇಕು ಅಂತ ಚಿಕ್ಕೆಜಮಾನ್ರಿಗೆ ಹಟ."

"ದಯಾನಂದಂಗೆ?"

"ಹೂಂ. ಮೂರ್ನೇ ದಿನ ಮಧ್ಯಾನ ಬಂದ್ರು. 'ಏಳು ಭೀಮಣ್ಣ, ಒಂದು ರೌಂಡು ಹೋಗ್ಬರನ' ಅಂದ್ರು. 'ಇನ್ನೊಂದು ಸಾಲು ಐತೆ, ತಡೀರಿ' ಅಂದ ಆವಯ್ಯ. ಬುಡ್ಲಿಲ್ಲ. ಕೈ ಹಿಡ್ದು ಎಬ್ಬಿಸಿ, ಆ ಸೀಟನ್ನ ಹಂಗೇ ಕಾರೊಳಗೆ ಇಟ್ರು. ಎರಡು ಸೀಟಿನ ಕಾರು ಸ್ವಾಮಿ. ಮೂರು ಜನ ಹೋದ್ರು. ಭೀಮರಾಜ ಹಿಂದ್ಗಡೆ, ಟಾಪು ಮಡಚಿಡ್ತಾರಲ್ಲ, ಅಲ್ಲಿ ಕೂತ್ಕಂಡ. ನನ್ನ ಕಡೆ ನೋಡಿ ನಗಾಡ್ದ. ಅಂಥ ಕಾರಿನಾಗೆ ಯಾವತ್ತೂ ಕೂತಿರ್ಲಿಲ್ಲವಲ್ಲ."

ಮುದುಕ ರೇವಮ್ಮ ತಂದಿಟ್ಟ ಚೊಂಬಿನಿಂದ ಎರಡು ಗುಟುಕು ಕುಡಿದ.

"ಹೊತ್ತು ಮುಳುಗೋ ಮುಂಚೆ ವಾಪಸ್ ಬಂದ್ರು. ಎಡಗಡೆ ಮಡ್‌ಗಾರ್ಡು ಒಳಕ್ಕೋಗಿತ್ತು. ಕಾರ್ನಾಗೆ ಇದ್ದದ್ದು ಇಬ್ರೇ."

"ಭೀಮರಾಜ?"

"ಇರ್ಲಿಲ್ಲ."

ಹೊಂಗೆ ಮರದಲ್ಲಿ ಕಾಗೆಯೊಂದು ರೆಕ್ಕೆ ಬಡಿದು ಸುಮ್ಮನಾಯಿತು. ಕದರಯ್ಯನ ಕೈ ತಾನಾಗಿ ಜೇಬಿನ ಕಾಗದದ ಮೇಲೆ ಹೋಯಿತು. ಯಾವ ಅಪಘಾತವೂ ಆಗಿಲ್ಲ.

"ಓಡಿಸ್ತಿದ್ದೋನು ದಯಾನಂದ. ಅಲ್ವಾ?"

"ಹೋಗುವಾಗ ಹೂಂ."

"ಬರುವಾಗ?"

"ಬರುವಾಗ ಚಿಕ್ಕೆಜಮಾನ್ರು ಪಕ್ಕದಾಗೆ ಕೂತಿದ್ರು. ಮುಖ ಸುಣ್ಣ ಬಳ್ದಂಗಾಗಿತ್ತು. ಸ್ಟೇರಿಂಗ್ ಹಿಡ್ದಿದ್ದೋನು ಆ ಟಿಂಕರ್ರು. ಎಲ್ಲಿ ಕೈ ಬದ್ಲಾಯ್ತೋ, ಪೆಟ್ಟು ಬಿದ್ದಾಗ ಓಡಿಸ್ತಿದ್ದೋರು ಯಾರೋ, ಆ ದೇವ್ರಿಗೇ ಗೊತ್ತು."

"ಯಾವ ಟಿಂಕರ್ರು?"

"ಬಣ್ಣ ಹೊಡೆಯಾಕೆ ಅಂತ ತುಮಕೂರಿಂದ ಬಂದಿದ್ನಲ್ಲ. ಭೀಮರಾಜನೇ ಕರ್ಕಂಬಂದಿದ್ದ, ಕೆಲ್ಸ ಗೊತ್ತಿರೋನು ಅಂತ. ಕಾಂತ ಅಂತಿದ್ರು. ಆ ಡೆಂಟು ಎಬ್ಬಿಸಿ, ಸೀಸ ತುಂಬಿ, ಹಸಿರು ಕಾರನ್ನ ಕೆಂಪು ಮಾಡ್ದೋನೂ ಅವ್ನೇ. ಭೀಮರಾಜ ಎಲ್ಲಪ್ಪ ಅಂತ ಕೇಳ್ದೆ. ನನ್ನ ಮುಖ ನೋಡ್ದ. ಸುತ್ತಿಗೆ ತಗಂಡು ಆ ಸೀಟಿಗೆ ಮೊಳೆ ಹೊಡೆಯಾಕೆ ಕೂತ್ಕಂಡ. ಕಣ್ಣಾಗೆ ನೀರು ಸುರೀತಿತ್ತು, ಹೊಡೀತಾನೇ ಇದ್ದ." ಚೌಡಪ್ಪ ನಿಟ್ಟುಸಿರು ಬಿಟ್ಟ. "ಈಗ ಹಿರೇಹಳ್ಳೀನಾಗೆ ದೊಡ್ಡ ಗ್ಯಾರೇಜು ಇಟ್ಟವ್ನಂತೆ."

ಕದರಯ್ಯ ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ.

ತನ್ನನ್ನು ಕರೆಸಿದವನು ಲಕ್ಷ್ಮೀಕಾಂತ್. ಮಡ್‌ಗಾರ್ಡಿನ ಸೀಸ ತೋರಿಸಿ, 'ಯಾರೋ ಚೆನ್ನಾಗಿ ಕೆಲಸ ಮಾಡಿದಾರೆ ನೋಡಿ ಸಾರ್' ಎಂದವನೂ ಅವನೇ. ಸುಡಬೇಕಾದ ಸೀಟನ್ನು ಉಳಿಸಿದ. ಅದನ್ನು ಬಿಚ್ಚಲು ತುಮಕೂರಿನ ಬೇರೆ ಯಾರನ್ನೂ ಕರೆಯದೆ ಭೀಮರಾಜನ ಮಗಳನ್ನೇ ಕರೆದ. ಇಪ್ಪತ್ತೊಂದು ವರ್ಷ ಬಾಯಿಬಿಡಲಾಗದ್ದನ್ನು ಒಂದು ಹೊಲಿಗೆಯ ಕೈಲಿ ಹೇಳಿಸಿದನೇ? ಅಥವಾ ಅವಳಿಗೆ ಎಷ್ಟು ಗೊತ್ತಾಗುತ್ತದೆ ಎಂದು ನೋಡಬೇಕಿತ್ತೇ?

ಆ ಶೆಡ್ಡಿನಲ್ಲಿ ಈಗ ಇರುವವರು ಇಬ್ಬರೇ.

ಬಸ್ ಸ್ಟಾಪಿನ ಬಳಿ ಒಂದು ಎಸ್‌ಟಿಡಿ ಬೂತ್ ಇತ್ತು. ಅರವತ್ತೆರಡರ ಕದರಯ್ಯ ಓಡಿದ. ಮೂರನೆಯ ಸಲಕ್ಕೆ ಲೈನು ಸಿಕ್ಕಿತು. ಆ ಕಡೆ ಗಂಟೆ ಬಹಳ ಹೊತ್ತು ಬಡಿಯಿತು.

"ಹಲೋ?" ಆಶಾರಾಣಿಯ ದನಿ.

"ಅಮ್ಮ, ಕದರಯ್ಯ. ನಿನ್ನ ಪಕ್ಕದಲ್ಲಿ ಯಾರಿದಾರೆ?"

"ಯಾರೂ ಇಲ್ಲ ಸಾರ್. ಕಾಂತಣ್ಣ ಕಾರಿನ ಹತ್ರ ಇದಾರೆ." ಅವಳ ಹಿಂದೆ ಏನೋ ಗುಡುಗುಡು ಸದ್ದು. "ಸ್ಟಾರ್ಟ್ ಆಯ್ತು ಸಾರ್, ಆಲ್ಡರ್ಬಿ. ಸೀಟು ಇಲ್ದೇನೇ ಗೋಣಿಚೀಲ ಹಾಸಿದಾರೆ."

"ನಾನು ಹೇಳೋದು ಕೇಳು. ಏನೇ ಆದ್ರೂ ಆ ಕಾರು ಹತ್ಬೇಡ. ಅವತ್ತು ನಿಮ್ಮಪ್ಪನ್ನ ಕರ್ಕೊಂಡು ಹೋದ ಕಾರಲ್ಲಿ ದಯಾನಂದನೂ ಇದ್ದ. ಲಕ್ಷ್ಮೀಕಾಂತನೂ ಇದ್ದ."

ಆ ಕಡೆ ಎಂಜಿನ್ ಸದ್ದು ಮಾತ್ರ ಏರುತ್ತ ಇಳಿಯುತ್ತ ಇತ್ತು.

"ಆಶಾ?"

"ಗೊತ್ತು ಸಾರ್. ನೀವು ಹೋದ್ಮೇಲೆ ಕಾಂತಣ್ಣನೇ ಹೇಳಿದ್ರು. ಕಾಲು ಹಿಡ್ಕೊಂಡು ಅತ್ರು."

"ಅತ್ರೆ ಅಳ್ಲಿ! ನಾನು ಬರೋವರ್ಗೂ ಅಲ್ಲೇ ಇರು. ಒಂದೆರಡು ಗಂಟೆ ಅಷ್ಟೇ."

"ಕತ್ತಲಾಗೋ ಮುಂಚೆ ಹೋಗ್ಬೇಕಂತೆ. ದಯಾನಂದ ಅವರಿಗೆ ತಿಳಿದ್ರೆ ಆಗಲ್ಲ ಅಂದ್ರು." ಅವಳ ದನಿ ಹದಿಮೂರು ವರ್ಷದ ಹುಡುಗಿಯದರಂತೆ ತೆಳ್ಳಗಾಯಿತು. "ಅಪ್ಪ ಎಲ್ಲಿದಾರೆ ಅಂತ ತೋರಿಸ್ತಾರಂತೆ ಸಾರ್. ನಾನು ಎರಡು ಸಲ ಕೇಳಿದೆ. 'ಇದಾರೆ' ಅಂತಾನೇ ಅಂದ್ರು."

"ಇದಾರೆ ಅಂದ್ರೆ? ಆಶಾ, ಇದಾರೆ ಅಂದ್ರೆ ಹೆಂಗೆ ಅಂತ ಕೇಳಿದ್ಯಾ?"

ರಿಸೀವರನ್ನು ಮರದ ಮೇಜಿನ ಮೇಲಿಟ್ಟ ಸದ್ದಾ‌ಯಿತು. ಲೈನು ಕಟ್ ಆಗಲಿಲ್ಲ. ಹೆಜ್ಜೆಗಳು ದೂರವಾದವು. ಬಾಗಿಲೊಂದು ತೆರೆದು ಮುಚ್ಚಿತು. ಎಂಜಿನ್ ಒಮ್ಮೆ ಜೋರಾಗಿ ಗರ್ಜಿಸಿ, ಶೆಡ್ಡಿನ ತಗಡನ್ನೆಲ್ಲ ನಡುಗಿಸಿ, ಹೊರಗೆ ಹೋಯಿತು.

ಬೂತಿನ ಗಾಜಿಗೆ ಹಣೆಯೊತ್ತಿ ಕದರಯ್ಯ ಉಸಿರು ಬಿಗಿಹಿಡಿದು ಆಲಿಸಿದ. ಕಾರು ಗೇಟಿನ ಬಳಿ ಒಂದು ಗಳಿಗೆ ನಿಂತಿತು. ಆಮೇಲೆ ಹೆದ್ದಾರಿಗೆ ಇಳಿಯಿತು. ಎಡಕ್ಕೆ ತಿರುಗಿತೋ ಬಲಕ್ಕೆ ತಿರುಗಿತೋ, ಫೋನಿನಲ್ಲಿ ತಿಳಿಯುವಂತಿರಲಿಲ್ಲ.